ಹಳೇ ಮರೈನ್ ಟ್ಯಾಂಕ್‌ಗೆ ರೆಫ್ಯೂಜಿಯಂ ಜೋಡಿಸೋದು

ರೆಫ್ಯೂಜಿಯಂ ಅಂದ್ರೆ ಉಪ್ಪುನೀರಿನ ಅಕ್ವೇರಿಯಂ ಜೊತೆ ನೀರು ಹಂಚ್ಕೊಳ್ಳೋ ಪುಟ್ಟ ಡಬ್ಬ, ಪಾಚಿ ಬೆಳೆಸೋಕೆ ಅಂತಲೇ ಇಡೋದು. ಅದರಲ್ಲಿ ಹಸಿರು ದಾರ ಸಿಕ್ಕು ಬಿದ್ದ ಹಾಗೆ ಕಾಣೋದು ಕೀಟೊ. ಪೂರ್ತಿ ಹೆಸರು ಕೀಟೊಮಾರ್ಫಾ, ಸಮುದ್ರದ ಪಾಚಿ. ನೀರಲ್ಲಿರೋ ನೈಟ್ರೇಟ್, ಫಾಸ್ಫೇಟ್ ಹೀರ್ಕೊಂಡು ಬೆಳೆಯುತ್ತೆ. ಮೀನಿನ ಬಾಯಿಗೆ ಸಿಗದ ಜಾಗ ಆಗಿರೋದ್ರಿಂದ ಕೋಪಿಪಾಡ್‌ಗಳು (ಸಿಗಡಿ ಬಳಗದ ಪುಟಾಣಿ ಜೀವಿಗಳು, ಚಿಕ್ಕದಾಗಿ ಪಾಡ್) ಅದರೊಳಗೆ ನೆಮ್ಮದಿಯಾಗಿ ಮರಿ ಮಾಡ್ತವೆ.

ವರ್ಷಗಟ್ಟಲೆ ಓಡ್ತಿರೋ ಟ್ಯಾಂಕ್‌ಗೆ ಇದನ್ನ ಸೇರಿಸೋವಾಗ ಅವಸರ ಮಾಡ್ಲೇಬಾರದು. ಅಲ್ಲಿನ ಹವಳಗಳು ಈಗಿರೋ ನೀರಿಗೆ ಒಗ್ಗಿಕೊಂಡಿರ್ತವೆ. ಹಾಗಾಗಿ ಮೊದಲು ಟೆಸ್ಟ್ ಕಿಟ್ ತೆಗೀರಿ. ನೈಟ್ರೇಟ್ 10 ಪಿಪಿಎಂ (ಅಂದಾಜು ಲೀಟರಿಗೆ ಇಷ್ಟು ಮಿಲಿಗ್ರಾಂ), ಫಾಸ್ಫೇಟ್ 0.1 ದಾಟಿದ್ರೆ ಪಾಚಿಗೆ ಊಟ ಧಾರಾಳವಾಗಿದೆ. ಎರಡೂ ಸೊನ್ನೆ ಹತ್ತಿರ ಇದ್ರೆ ಪಾಚಿ ಬೇಡ, ಬರೀ ಸೆರಾಮಿಕ್ ಕಲ್ಲು ಹಾಕಿ ಪಾಡ್ ಸಾಕಿ ಸಾಕು.

ಈಗಾಗ್ಲೇ ನೀರು ತುಂಬಿರೋ ಸಂಪ್ (ಟ್ಯಾಂಕ್ ಕೆಳಗಿಡೋ ಫಿಲ್ಟರ್ ತೊಟ್ಟಿ) ಒಳಗೆ ಗಾಜಿನ ತಡೆ ಅಂಟಿಸೋಕೆ ಹೋಗ್ಬೇಡಿ. ಒದ್ದೆ ಗಾಜಿಗೆ ಸಿಲಿಕೋನ್ ಹಿಡಿಯಲ್ಲ, ಒಣಗಿದ ಹಳೇ ಸಿಲಿಕೋನ್ ಮೇಲೂ ಹೊಸದು ಕೂರಲ್ಲ. ಪಕ್ಕದಲ್ಲೇ, ಸಂಪ್‌ಗಿಂತ ಎತ್ತರದಲ್ಲಿ ಬೇರೆ ಡಬ್ಬ ಇಡೋದು ಒಳ್ಳೇದು. ಟ್ಯಾಂಕ್ 300 ಲೀಟರ್ ಅಂತ ಇಟ್ಕೊಳ್ಳೋಣ. 45 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ಡಬ್ಬ ಮಾಡಿಸಿ. 26 ಸೆಂಟಿಮೀಟರ್ ಮಟ್ಟದಲ್ಲಿ ಒಂದಿಂಚಿನ ಬಲ್ಕ್‌ಹೆಡ್ (ಗಾಜಿನ ತೂತಿಗೆ ಸೋರದ ಹಾಗೆ ಪೈಪ್ ಕೂರಿಸೋ ಫಿಟಿಂಗ್) ಹಾಕಿದ್ರೆ ಸುಮಾರು 35 ಲೀಟರ್ ನೀರು ನಿಲ್ಲುತ್ತೆ. ಅದಕ್ಕಿಂತ ಎರಡು ಸೆಂಟಿಮೀಟರ್ ಮೇಲೆ ಇನ್ನೊಂದು ಬಲ್ಕ್‌ಹೆಡ್ ಬೇಕೇ ಬೇಕು. ಕೀಟೊದ ಒಂದು ಎಳೆ ಹೋಗಿ ಕೆಳಗಿನ ಬಲ್ಕ್‌ಹೆಡ್‌ನ ಜಾಲರಿಗೆ ಮೆತ್ಕೊಂಡ್ರೆ ನೀರು ನೆಲಕ್ಕೆ ಬರುತ್ತೆ. ದುಡ್ಡು ಉಳಿಸೋಕೆ ಅಂತ ಇದೊಂದನ್ನ ಬಿಡ್ಬೇಡಿ.

ನೀರು ತರೋಕೆ ರಿಟರ್ನ್ ಪಂಪ್‌ನ (ಸಂಪ್‌ನಿಂದ ಟ್ಯಾಂಕ್‌ಗೆ ನೀರು ಏರಿಸೋ ಪಂಪ್) ಪೈಪ್‌ಗೆ ಟೀ ಜಾಯಿಂಟ್ ಹಾಕಿ, ಅರ್ಧ ಇಂಚಿನ ಪಿವಿಸಿ ಪೈಪ್, ಒಂದು ಬಾಲ್ ವಾಲ್ವ್. ಪೈಪ್‌ನ ಬಾಯಿಗೆ ಒಂದು ಲೀಟರ್ ಜಗ್ ಹಿಡೀರಿ. 20 ಸೆಕೆಂಡಿಗೆ ತುಂಬಿದ್ರೆ ಗಂಟೆಗೆ 180 ಲೀಟರ್, ಅಂದ್ರೆ ಡಬ್ಬದ ನೀರು ಗಂಟೆಗೆ ಐದು ಸಲ ಬದಲಾಗುತ್ತೆ. ಶುರುವಿಗೆ ಅಷ್ಟು ಸಾಕು. ಪಾಚಿ ಮೇಲೆ ಕಂದು ಬಣ್ಣದ ಲೋಳೆ ಕೂರೋಕೆ ಶುರುವಾದ್ರೆ ವಾಲ್ವ್ ಇನ್ನೊಂಚೂರು ತೆಗೀರಿ. ಹೊರಗೆ ಹೋಗೋ ನೀರು ನೇರ ರಿಟರ್ನ್ ಪಂಪ್ ಇರೋ ಕೋಣೆಗೇ ಬೀಳ್ಲಿ. ಫಿಲ್ಟರ್ ಸಾಕ್ (ಕಸ ಹಿಡಿಯೋ ಬಟ್ಟೆ ಚೀಲ) ಮೇಲೆ ಬಿಟ್ರೆ ಸಾಕಿದ ಪಾಡ್‌ಗಳೆಲ್ಲ ಅಲ್ಲೇ ಸಿಕ್ಕಿಹಾಕ್ಕೊಳ್ತವೆ.

ಡಬ್ಬಕ್ಕೆ ನೀರು ತರೋ ಪೈಪ್‌ನ ತುದಿ ನೀರಿಗಿಂತ ಮೇಲೇ ಇರ್ಬೇಕು. ಮುಳುಗಿದ್ರೆ ಕರೆಂಟ್ ಹೋದ ತಕ್ಷಣ ಸೈಫನ್ ಆಗಿ ಡಬ್ಬದ ನೀರು ಸಂಪ್‌ಗೆ ಇಳಿಯುತ್ತೆ. ಬೆಂಗಳೂರಿನ ಕರೆಂಟ್ ನಂಬೋಕಾಗಲ್ಲ, ನೀವೇ ಪಂಪ್ ಆಫ್ ಮಾಡಿ ಹದಿನೈದು ನಿಮಿಷ ಸಂಪ್ ನೋಡ್ತಾ ನಿಂತ್ಕೊಳ್ಳಿ.

ತುಂಬಿಸೋ 35 ಲೀಟರ್ ಹೊಸ ಉಪ್ಪುನೀರು. ಆರ್‌ಓ-ಡಿಐ (ಖನಿಜ ತೆಗೆದು ಶುದ್ಧ ಮಾಡಿದ) ನೀರಿಗೆ ಅಕ್ವೇರಿಯಂನ ಸಮುದ್ರದ ಉಪ್ಪು ಹಾಕಿ ಒಂದು ದಿನ ಕಲಕಿ, ಸ್ಪೆಸಿಫಿಕ್ ಗ್ರಾವಿಟಿ 1.025ಕ್ಕೆ ತನ್ನಿ. ಉಷ್ಣತೆಯೂ ಟ್ಯಾಂಕ್‌ನಷ್ಟೇ ಇರ್ಲಿ.

ತಳಕ್ಕೆ ಮರಳು ಬೇಡ. ಕಸ ಅದರೊಳಗೆ ಕೂತು ಕೊಳೆಯುತ್ತೆ, ಮುಂದೊಂದಿನ ಕೆದಕಿದಾಗ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಗೆ ಬರುತ್ತೆ. ಎರಡು ಕಿಲೋ ಸೆರಾಮಿಕ್ ಕಲ್ಲು ಸಾಕು. ನೇತ್ರಾಣಿಯಿಂದ ಆಗ್ಲಿ, ರಾಮೇಶ್ವರದಿಂದ ಆಗ್ಲಿ, ಹವಳದ ಕಲ್ಲು ತರ್ಬೇಡಿ. ಕಲ್ಲುಹವಳಗಳು 1972ರ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ, ಅವನ್ನ ಕೀಳೋದು ಅಪರಾಧ.

ಕೀಟೊ ಎರಡು ಮುಷ್ಟಿ ಸಾಕು. ಬಿಳೀ ತಟ್ಟೇಲಿ ಉಪ್ಪುನೀರು ಹಾಕಿ, ಎಳೆ ಬಿಡಿಸಿ ನೋಡಿ. ಕಂದು ಬಣ್ಣದ ಪುಟ್ಟ ಹೂವಿನ ಹಾಗಿರೋ ಐಪ್ಟೇಸಿಯಾ, ಗರಿ ಥರದ ಬ್ರಯೋಪ್ಸಿಸ್ ಪಾಚಿ, ಎರಡೂ ಪೀಡೆಗಳೇ; ಕಂಡ್ರೆ ಆ ತುಂಡು ಎಸೀರಿ. ತಾಮ್ರದ ಔಷಧಿ ಹಾಕಿರೋ ಟ್ಯಾಂಕ್‌ನಿಂದ ತಂದಿದ್ದಾದ್ರೆ ಪೂರ್ತಿ ಬೇಡ, ತಾಮ್ರ ಪಾಡ್‌ಗಳನ್ನ ಕೊಲ್ಲುತ್ತೆ. ಕಾಲರ್ಪಾ ಅನ್ನೋ ಇನ್ನೊಂದು ಪಾಚಿ ಚೆಂದ ಕಾಣುತ್ತೆ, ಆದ್ರೂ ಬೇಡ. ಅದು ಲಿಂಗಾಣು (ಗ್ಯಾಮೀಟ್) ಬಿಟ್ಟ ದಿನ ನೀರು ಹಸಿರು ಹಾಲಿನಂತಾಗಿ ಆಮ್ಲಜನಕ ಕುಸಿಯುತ್ತೆ, ಹೀರಿದ್ದೆಲ್ಲ ವಾಪಸ್ ನೀರಿಗೇ ಬರುತ್ತೆ.

ಲೈಟ್‌ಗೆ 20ರಿಂದ 30 ವ್ಯಾಟ್‌ನ, ಕೆಂಪು ನೀಲಿ ಎರಡೂ ಇರೋ ಎಲ್‌ಇಡಿ ಗ್ರೋ ಲೈಟ್ ಸಾಕು. ನೀರಿಂದ 15 ಸೆಂಟಿಮೀಟರ್ ಮೇಲಿಡಿ. ಮೇನ್ ಟ್ಯಾಂಕ್ ಲೈಟ್ ಆರಿದ ಮೇಲೆ ಇದು ಹತ್ತಬೇಕು. ರಾತ್ರಿ ಎಲ್ಲ ಜೀವಿಗಳೂ ಕಾರ್ಬನ್ ಡೈಆಕ್ಸೈಡ್ ಬಿಡೋದ್ರಿಂದ ಪಿಎಚ್ ಇಳಿಯುತ್ತೆ, ಇಲ್ಲಿ ಪಾಚಿ ಅದನ್ನ ಬಳಸ್ಕೊಂಡ್ರೆ ಇಳಿಕೆ ಕಮ್ಮಿ ಆಗುತ್ತೆ.

ಅವಸರ ಬೇಡ ಅಂದಿದ್ದು ಇಲ್ಲಿಗೇ. ಮೊದಲ ವಾರ ಆರೇ ಗಂಟೆ ಲೈಟ್. ಪ್ರತಿ ವಾರ ನೈಟ್ರೇಟ್, ಫಾಸ್ಫೇಟ್ ನೋಡಿ ಎರಡೆರಡು ಗಂಟೆ ಏರಿಸಿ, 12ಕ್ಕೆ ನಿಲ್ಲಿಸಿ. ಜಿಎಫ್‌ಓ (ಫಾಸ್ಫೇಟ್ ಹೀರೋ ಕಬ್ಬಿಣದ ಆಕ್ಸೈಡ್ ಹರಳು) ಹಾಕಿದ್ರೆ ಮೊದಲೇ ತೆಗೀರಿ, ವೋಡ್ಕಾ ಡೋಸಿಂಗ್ (ನೈಟ್ರೇಟ್ ಹೀರೋ ಬ್ಯಾಕ್ಟೀರಿಯಾಗೆ ಊಟ ಅಂತ ವೋಡ್ಕಾ ಹನಿಸೋದು) ಇದ್ರೆ ಹಂತಹಂತವಾಗಿ ಇಳಿಸಿ. ಎಲ್ಲ ಒಟ್ಟಿಗೆ ಓಡಿದ್ರೆ ಫಾಸ್ಫೇಟ್ ಸೊನ್ನೆ ಆಗುತ್ತೆ, ಆಗ ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ದಾರಗಳು ಏಳ್ತವೆ. ಅದೇ ಡೈನೋ, ಅಂದ್ರೆ ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ. ಅದನ್ನ ಓಡಿಸೋ ಕಷ್ಟದ ಮುಂದೆ 15 ಪಿಪಿಎಂ ನೈಟ್ರೇಟ್ ಏನೂ ಅಲ್ಲ. ನೈಟ್ರೇಟ್ 5ರ ಸುತ್ತ, ಫಾಸ್ಫೇಟ್ 0.03ಕ್ಕಿಂತ ಮೇಲೆ ನಿಂತ್ರೆ ಒಳ್ಳೇದು. ಕೀಟೊ ಬಿಳಿಚಿಕೊಂಡ್ರೆ ಮೊದಲು ಈ ಎರಡನ್ನೇ ನೋಡಿ. ಸರಿಯಾಗಿದ್ರೆ ಕಬ್ಬಿಣದ ಅಂಶ ಕಮ್ಮಿ ಆಗಿರ್ಬಹುದು.

ಪಾಡ್‌ಗಳನ್ನ ರಾತ್ರಿ ಬಿಡಿ, ಅರ್ಧ ಗಂಟೆ ವಾಲ್ವ್ ಮುಚ್ಚಿಡಿ. ಮ್ಯಾಂಡರಿನ್ ಮೀನು ತರೋ ಆಸೆ ಇದ್ರೆ ಮೂರ್ನಾಲ್ಕು ತಿಂಗಳು ತಡೀರಿ, ದಿನವಿಡೀ ಪಾಡ್ ಹೆಕ್ಕಿ ತಿನ್ನೋ ಮೀನು ಅದು.

ಡಬ್ಬ ತುಂಬಿದ ಮೇಲೆ ಕಟಾವು ಮಾಡ್ಲೇಬೇಕು. ಪಾಚಿ ಹೊರಗೆ ಬಂದಾಗಲೇ ನೈಟ್ರೇಟ್ ಹೊರಗೆ ಹೋಗೋದು. ಬಿಟ್ರೆ ಬೆಳಕು ಸಿಗದ ಅಡಿಭಾಗ ಕೊಳೆಯುತ್ತೆ. ಮೂರರಲ್ಲಿ ಒಂದು ಭಾಗ ಎತ್ತಿ, ಟ್ಯಾಂಕ್ ನೀರಿರೋ ಬಕೆಟ್‌ನಲ್ಲಿ ಚೆನ್ನಾಗಿ ಜಾಲಿಸಿ, ಉದುರಿದ ಪಾಡ್‌ಗಳನ್ನ ವಾಪಸ್ ಸುರೀರಿ. ತೆಗೆದ ಪಾಚೀನ ಬಿಸಿಲಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ. ಚರಂಡಿಗೆ, ಕಡಲಿಗೆ ಬೇಡವೇ ಬೇಡ. 1984ರಲ್ಲಿ ಮೊನಾಕೋದ ಸಾಗರ ಮ್ಯೂಸಿಯಂ ಕೆಳಗಿನ ಕಡಲಲ್ಲಿ ಕಂಡ ಅಕ್ವೇರಿಯಂ ಕಾಲರ್ಪಾ, ಮುಂದೆ ಮೆಡಿಟರೇನಿಯನ್ ಸಮುದ್ರದ ಸಾವಿರಾರು ಎಕರೆಗೆ ಹಬ್ಬಿತು.