ಫಿಜಿಯ ಸೆರು ರಬೇನಿ: ತೋಳು, ಭುಜ, ಹಿಡಿತ

ಕೇಳುಗರೆಲ್ಲರಿಗೂ ನಮಸ್ಕಾರ. ರಗ್ಬಿ ಎಂದೊಡನೆ ‘ಅಯ್ಯೋ, ಬರೀ ಗುದ್ದಾಟ’ ಎಂದುಬಿಡುತ್ತಾರೆ. ದಯವಿಟ್ಟು ಹಾಗೆನ್ನಬೇಡಿ. ರಗ್ಬಿ ಎಂದರೆ ಹಿಡಿತ. ಚೆಂಡು ಹೊತ್ತು ಓಡಿ ಬರುವವನನ್ನು ಹಿಡಿದು ಕೆಡವುವುದು, ಅಂದರೆ ಟ್ಯಾಕಲ್. ಅದು ಅರ್ಥವಾಗಬೇಕೆಂದರೆ ಸೆರು ರಬೇನಿಯ ಆಟ ನೋಡಬೇಕು.

ರಬೇನಿ ಹುಟ್ಟಿದ್ದು 1978ರ ಡಿಸೆಂಬರ್ 27ರಂದು. ಫಿಜಿಯ ವನುವಾ ಲೆವು ದ್ವೀಪದ ಬುವಾ ಪ್ರಾಂತ್ಯದವರು. ನ್ಯೂಜಿಲೆಂಡಿನಲ್ಲಿ ಹೈಲ್ಯಾಂಡರ್ಸ್ ಪರ ಆಡಿ, 2004ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಟೈಗರ್ಸ್ ಸೇರಿದರು. ‘ರ‍್ಯಾಂಬೊ’ ಎಂಬ ಅಡ್ಡಹೆಸರು ಬಂದದ್ದು ಸುಮ್ಮನೆ ಅಲ್ಲ. ಅವರದು ಸೆಂಟರ್ ಸ್ಥಾನ, ಮೈದಾನದ ನಟ್ಟನಡುವೆ. ಅಲ್ಲಿ ನಿಂತವನಿಗೆ ಹಿಡಿತ ಬಾರದಿದ್ದರೆ ಬಾಗಿಲು ತೆರೆದಿಟ್ಟಂತೆಯೇ.

ಹಿಡಿಯುವುದು ಹೇಗೆ? ಮಂಡಿ ಬಗ್ಗಬೇಕು, ಬೆನ್ನು ನೇರವಾಗಿರಬೇಕು. ಕಣ್ಣು ಎದುರಾಳಿಯ ಸೊಂಟದ ಮೇಲೆ. ಮುಖ ನೋಡಿದರೆ ಅವನು ಮೋಸ ಮಾಡುತ್ತಾನೆ, ಸೊಂಟ ಮೋಸ ಮಾಡುವುದಿಲ್ಲ. ನಿಮ್ಮ ಭುಜ ಅವನ ಎದೆಯಿಂದ ಕೆಳಗೆ ತಾಗಬೇಕು. ತಲೆ ಅವನ ಪಕ್ಕಕ್ಕೆ ಹೋಗಬೇಕು. ಅವನ ಮುಂದೆ ಅಡ್ಡ ಬಂತೋ, ಅವನ ಮೊಣಕಾಲು ಬಡಿಯುವುದು ನಿಮ್ಮ ತಲೆಗೇ. ಭುಜ ತಾಗಿದ ಕ್ಷಣವೇ ಎರಡೂ ತೋಳು ಸುತ್ತಬೇಕು. ಸುತ್ತದೆ ಬರೀ ಭುಜದಲ್ಲಿ ಗುದ್ದಿದರೆ ಪೆನಾಲ್ಟಿ, ಅಂದರೆ ಎದುರಾಳಿಗೆ ಒದೆಯುವ ಅವಕಾಶ. ಹೆಗಲಿಗಿಂತ ಮೇಲೆ ಹಿಡಿದರೂ ಪೆನಾಲ್ಟಿ, ಅಪಾಯಕಾರಿ ಎನಿಸಿದರೆ ಕಾರ್ಡ್. ಆಮೇಲೆ ಕಾಲು ನಿಲ್ಲಬಾರದು, ಪುಟ್ಟ ಹೆಜ್ಜೆಗಳಲ್ಲಿ ತಳ್ಳುತ್ತಲೇ ಇರಬೇಕು. ಕಾಲು ನಿಂತರೆ ಹಿಡಿತ ಸಡಿಲ. ಬೀಳುತ್ತಿರುವವನೇ ಚೆಂಡನ್ನು ಜೊತೆಗಾರನಿಗೆ ದಾಟಿಸಿಬಿಡುತ್ತಾನೆ.

ಈಗ 2007ರ ಸೆಪ್ಟೆಂಬರ್ 29ಕ್ಕೆ ಬನ್ನಿ. ಫ್ರಾನ್ಸಿನ ನಾಂಟ್ ನಗರ, ವಿಶ್ವಕಪ್, ಫಿಜಿಗೆ ಎದುರಾಗಿ ವೇಲ್ಸ್. ಗೆದ್ದವರು ಕ್ವಾರ್ಟರ್ ಫೈನಲ್‌ಗೆ, ಸೋತವರು ಮನೆಗೆ. ಸೆರೆಮಾಯಾ ಬಾಯ್ ಜೊತೆ ನಡುವೆ ನಿಂತವರು ರಬೇನಿ. ಕೆರಾ, ಡೆಲಸಾವ್, ಲೇವೆರೆ ಒಬ್ಬರ ಹಿಂದೊಬ್ಬರು ಟ್ರೈ ಹೊಡೆದರು, ಫಿಜಿ 25, ವೇಲ್ಸ್ 3! ಟ್ರೈ ಎಂದರೆ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು, 5 ಅಂಕ. ಗೋಲು ಕಂಬಗಳ ನಡುವೆ ಒದ್ದರೆ ಮೇಲೆ 2. ಅಷ್ಟರಲ್ಲಿ ಕೆರಾಗೆ ಹಳದಿ ಕಾರ್ಡ್, 10 ನಿಮಿಷ ಆಟದಿಂದ ಹೊರಗೆ. 15 ಜನರ ಕಡೆ 14 ಜನ ಉಳಿದರೆ ಮೈದಾನ ಒಮ್ಮೆಲೇ ಅಗಲವಾಗಿ ಕಾಣುತ್ತದೆ, ಪ್ರತಿ ಹಿಡಿತಕ್ಕೂ ಇನ್ನೆರಡು ಹೆಜ್ಜೆ ಹೆಚ್ಚು ಓಡಬೇಕು. ದ್ವಿತೀಯಾರ್ಧದಲ್ಲಿ ವೇಲ್ಸ್ 29-25ಕ್ಕೆ ಮುಂದೆ ಹೋಯಿತು. ನಿಕಿ ಲಿಟ್ಲ್ ಎರಡು ಪೆನಾಲ್ಟಿ ಒದ್ದರು, ತಲಾ 3 ಅಂಕ, ಫಿಜಿ 31. ಮಾರ್ಟಿನ್ ವಿಲಿಯಮ್ಸ್ ನಡುವೆ ನುಗ್ಗಿ ಫಿಜಿಯ ಪಾಸ್ ಕಿತ್ತುಕೊಂಡು ಓಡಿದರು, ವೇಲ್ಸ್ 34. ಉಳಿದದ್ದು ಕೆಲವೇ ನಿಮಿಷ. ಆಗ ಗೆರೆಯ ಹತ್ತಿರ ಮೈಗಳ ರಾಶಿ, ಅದರೊಳಗೆ ಫಿಜಿಯ ಗ್ರಹಾಂ ಡ್ಯೂಸ್. ಚೆಂಡು ನೆಲ ಮುಟ್ಟಿತೇ? ರೆಫರಿ ವಿಡಿಯೊ ನೋಡಲು ಹೇಳಿದರು, ಇಡೀ ಮೈದಾನ ಕಾಯಿತು. ಮುಟ್ಟಿತ್ತು! ಫಿಜಿ 38, ವೇಲ್ಸ್ 34. ಮರುದಿನವೇ ವೇಲ್ಸ್ ಕೋಚ್ ಗ್ಯಾರೆತ್ ಜೆಂಕಿನ್ಸ್ ಕೆಲಸ ಹೋಯಿತು.

ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾರ್ಸೆಲ್‌ನಲ್ಲಿ ದಕ್ಷಿಣ ಆಫ್ರಿಕಾ 37-20ರಿಂದ ಫಿಜಿಯನ್ನು ಮನೆಗೆ ಕಳಿಸಿತು. ಒಂದು ಹಂತದಲ್ಲಿ 20-20 ಸಮ ಇತ್ತು. ಮುಂದೆ ರಬೇನಿ ಲೀಡ್ಸ್‌ಗೆ, ಫ್ರಾನ್ಸಿನ ಲಾ ರೋಶೆಲ್‌ಗೆ ಆಡಿದರು. 2016ರ ಮಾರ್ಚ್ 15ರಂದು ಫಿಜಿಯಲ್ಲಿ ತೀರಿಕೊಂಡರು. ಕೇವಲ 37 ವರ್ಷ.

ನಾಂಟ್ ಪಂದ್ಯದ ದೃಶ್ಯ ಸಿಕ್ಕರೆ ನೋಡಿ. ಚೆಂಡಿನ ಹಿಂದೆ ಓಡಬೇಡಿ, ರಬೇನಿಯ ತೋಳುಗಳನ್ನೇ ನೋಡಿ, ಯಾವಾಗ ಸುತ್ತುತ್ತವೆ ಎಂದು. ನಮಸ್ಕಾರ.