ಮುರಿದ ತೋಳಿಗೆ ಯಾವ ಅರಿವಳಿಕೆ?

ಕೇಳುಗರಿಗೆ ನಮಸ್ಕಾರ. ಸ್ಕೂಟರಿನಿಂದ ಬಿದ್ದೋ ಬಚ್ಚಲಲ್ಲಿ ಜಾರಿಯೋ ಮೇಲ್ತೋಳಿನ ಮೂಳೆ ಮುರಿಯುತ್ತದೆ. ಪ್ಲೇಟು ಕೂರಿಸಬೇಕೆಂದು ಮೂಳೆ ವೈದ್ಯರು ಹೇಳುತ್ತಾರೆ. ಆಗ ಮನೆಯವರು ಅರಿವಳಿಕೆ ವೈದ್ಯರಾದ ನಮ್ಮನ್ನು ಕೇಳುವುದು ಇಷ್ಟೇ: "ಪೂರ್ತಿ ಪ್ರಜ್ಞೆ ತಪ್ಪಿಸುತ್ತೀರಾ, ಕೈಗೆ ಮಾತ್ರ ಇಂಜೆಕ್ಷನ್ ಕೊಡುತ್ತೀರಾ?" ಕೈಗೆ ಮಾತ್ರ ಕೊಟ್ಟರೆ ಅಪಾಯವೇ ಇಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಮೂಳೆ ಎಲ್ಲಿ ಮುರಿದಿದೆ, ರೋಗಿಯ ಉಸಿರಾಟ ಹೇಗಿದೆ ಎಂದು ನೋಡದೆ ಉತ್ತರ ಹೇಳಲು ಬರುವುದಿಲ್ಲ.

ಕೈಗೆ ಹೋಗುವ ನರಗಳು ಕತ್ತಿನ ಬುಡದಲ್ಲಿ ಐದು ಬೇರುಗಳಾಗಿ ಹೊರಟು, ಹೆಣೆದುಕೊಂಡು, ಕೊರಳೆಲುಬಿನ ಹಿಂದಿನಿಂದ ಕಂಕುಳಿಗೆ ಇಳಿಯುತ್ತವೆ. ಭುಜದ ಹತ್ತಿರ ಮುರಿದಿದ್ದರೆ ಕತ್ತಿನ ಪಕ್ಕದಲ್ಲಿ ಔಷಧ ಹಾಕುತ್ತೇವೆ. ತೋಳಿನ ನಡುವೆಯೋ ಮೊಣಕೈ ಕಡೆಗೋ ಮುರಿದಿದ್ದರೆ ಕೊರಳೆಲುಬಿನ ಮೇಲ್ಗಡೆ ಹಾಕುತ್ತೇವೆ. ಹೀಗೆ ನರಗಳನ್ನು ಮರಗಟ್ಟಿಸುವುದಕ್ಕೆ ಬ್ಲಾಕ್ ಎನ್ನುತ್ತಾರೆ. 1911ರಲ್ಲಿ ಜರ್ಮನಿಯ ವೈದ್ಯ ಕುಲೆನ್‌ಕಾಂಫ್ ಕೊರಳೆಲುಬಿನ ಮೇಲೆ ಸೂಜಿ ಹಾಕುವ ವಿಧಾನವನ್ನು ಪ್ರಕಟಿಸಿದಾಗ ಬೆರಳಿನ ಅಂದಾಜೇ ಆಧಾರವಾಗಿತ್ತು. ಈಗ ಅಲ್ಟ್ರಾಸೌಂಡ್ ಪರದೆಯ ಮೇಲೆ ಮಿಡಿಯುವ ರಕ್ತನಾಳ, ಅದಕ್ಕೆ ತಗುಲಿ ದ್ರಾಕ್ಷಿ ಗೊಂಚಲಿನಂತೆ ನರಗಳು, ಕೆಳಗೆ ಮೊದಲ ಪಕ್ಕೆಲುಬಿನ ಬಿಳಿ ಗೆರೆ, ಉಸಿರಿನೊಂದಿಗೆ ಸರಿದಾಡುವ ಶ್ವಾಸಕೋಶದ ಅಂಚು ಕಾಣುತ್ತವೆ. ಸೂಜಿಯ ತುದಿ ಕಾಣದಿದ್ದರೆ ನಾನು ಒಂದು ಕೂದಲೆಳೆಯಷ್ಟೂ ಮುಂದೆ ಹೋಗುವುದಿಲ್ಲ, ಏಕೆಂದರೆ ಆ ಅಂಚಿಗೆ ತಗುಲಿದರೆ ಎದೆಗೂಡಿನಲ್ಲಿ ಗಾಳಿ ತುಂಬಿಕೊಳ್ಳಬಹುದು.

ಕತ್ತಿನ ಪಕ್ಕದ ಬ್ಲಾಕ್‌ನಲ್ಲಿ ಇನ್ನೊಂದು ಸಂಗತಿಯಿದೆ. ಉಸಿರಾಟಕ್ಕೆ ಮುಖ್ಯವಾದ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ನರವೂ ಅಲ್ಲೇ ಹಾದುಹೋಗುತ್ತದೆ. 20 ಮಿಲಿಲೀಟರ್‌ನಷ್ಟು ಔಷಧ ಹಾಕಿದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಆ ಬದಿಯ ವಪೆ ಕೆಲವು ಗಂಟೆ ಕೆಲಸ ನಿಲ್ಲಿಸುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಗೊತ್ತೇ ಆಗದಿರಬಹುದು. ಆದರೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ, ವರ್ಷಗಟ್ಟಲೆ ಬೀಡಿ ಸೇದಿದ ಹಿರಿಯರಿಗೆ ಅರ್ಧ ಉಸಿರೇ ಹೋದಂತೆ. ಅಂಥವರಿಗೆ ಔಷಧದ ಪ್ರಮಾಣ ಇಳಿಸುತ್ತೇವೆ, ಇಲ್ಲವೇ ಪೂರ್ಣ ಅರಿವಳಿಕೆ ಕೊಟ್ಟು ಉಸಿರನ್ನು ಯಂತ್ರಕ್ಕೆ ವಹಿಸುತ್ತೇವೆ. ಆದ್ದರಿಂದ ದಮ್ಮು, ಬೀಡಿ, ರಕ್ತ ತೆಳುವಾಗಿಸುವ ಮಾತ್ರೆ, ಯಾವುದನ್ನೂ ದಯವಿಟ್ಟು ಮುಚ್ಚಿಡಬೇಡಿ.

ಎರಡನ್ನೂ ಸೇರಿಸಿ ಕೊಡುವುದೂ ಇದೆ. ತೋಳಿನ ಒಳಬದಿಯ ಚರ್ಮಕ್ಕೆ ಎದೆಯ ಕಡೆಯಿಂದ ಬರುವ ನರವನ್ನು ಬ್ಲಾಕ್ ತಲುಪುವುದಿಲ್ಲ. ಶಸ್ತ್ರಚಿಕಿತ್ಸೆ ದೀರ್ಘವಾದರೆ ಒಂದೇ ಭಂಗಿಯಲ್ಲಿ ಮಲಗುವುದೂ ಕಷ್ಟ. ಆಗ ಪೂರ್ಣ ಅರಿವಳಿಕೆಯ ಜೊತೆ ಬ್ಲಾಕ್ ಕೊಟ್ಟರೆ ನೋವಿನ ಔಷಧ ಕಡಿಮೆ ಸಾಕಾಗುತ್ತದೆ, ವಾಕರಿಕೆಯೂ ತಗ್ಗುತ್ತದೆ. ಯಾವುದನ್ನು ಆರಿಸಿದರೂ ಉಪವಾಸ ತಪ್ಪದು: ಲಘು ಊಟ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಬೇಕು.

ಬ್ಲಾಕ್‌ಗೆ ಮುನ್ನ ಮಣಿಕಟ್ಟು ಮೇಲೆತ್ತಿಸಿ ನೋಡುವುದನ್ನು ನಾನು ಬಿಡುವುದೇ ಇಲ್ಲ. ಮೇಲ್ತೋಳಿನ ಮೂಳೆಯನ್ನು ಸುತ್ತಿಕೊಂಡು ಹೋಗುವ ನರ ಮುರಿತದಲ್ಲೇ ಜಖಂ ಆಗಿರಬಹುದು. ಮೊದಲೇ ದಾಖಲಿಸದಿದ್ದರೆ ಜೋತುಬಿದ್ದ ಕೈಗೆ ಕಾರಣ ಬಿದ್ದದ್ದೋ ಸೂಜಿಯೋ ಎಂದು ತಿಳಿಯಲು ದಾರಿಯಿರುವುದಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಕೈ ಅರ್ಧ ದಿನವೋ ಅದಕ್ಕಿಂತ ಹೆಚ್ಚೋ ಮರಗಟ್ಟಿರುತ್ತದೆ. ಜೋಳಿಗೆಪಟ್ಟಿಯಲ್ಲಿಡಿ, ಬಿಸಿ ಪಾತ್ರೆ ತಾಗಿಸಬೇಡಿ. ಆ ಬದಿಯ ರೆಪ್ಪೆ ಜೋತರೆ, ಸ್ವರ ಕಟ್ಟಿದರೆ ಗಾಬರಿ ಬೇಡ, ಬ್ಲಾಕ್ ಇಳಿದಂತೆ ಸರಿಹೋಗುತ್ತದೆ. ಎದೆ ನೋವು, ಉಬ್ಬಸ ಬಂದರೆ ಮಾತ್ರ ಕೂಡಲೇ ತಿಳಿಸಿ. ಬ್ಲಾಕ್ ಇಳಿಯುವುದು ಸಾಮಾನ್ಯವಾಗಿ ನಡುರಾತ್ರಿ, ನೋವು ಒಮ್ಮೆಲೇ ನುಗ್ಗುತ್ತದೆ. ವೈದ್ಯರು ಬರೆದ ನೋವಿನ ಮಾತ್ರೆಯನ್ನು, ನೋವಿಲ್ಲವಲ್ಲ ಎಂದು ಬಿಡದೆ, ಮಲಗುವ ಮುನ್ನವೇ ನುಂಗಿ.