ಹಳಬರು ಚೆನ್ನಾಗಿ ಆಡುತ್ತಿರುವಾಗಲೇ

ನಮಸ್ಕಾರ. 2020ರ ಏಪ್ರಿಲ್ 23ರ ರಾತ್ರಿ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಕೊರೊನಾ ಕಾಲ. ನಾನಾಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದೆ. ಎಲ್ಲರೂ ಮನೆಯೊಳಗೇ. ಟಿವಿಯಲ್ಲಿ, ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಅಲ್ಲಿನ ಫುಟ್‌ಬಾಲಿನ ಡ್ರಾಫ್ಟ್ ಬರುತ್ತಿತ್ತು. ಡ್ರಾಫ್ಟ್ ಅಂದರೆ ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನು 32 ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವುದು. ನಮ್ಮ ರಾಜ್ಯದ ತಂಡ ಗ್ರೀನ್ ಬೇ ಪ್ಯಾಕರ್ಸ್. ಮೂರು ತಿಂಗಳ ಹಿಂದಷ್ಟೇ, ಇನ್ನೊಂದು ಪಂದ್ಯ ಗೆದ್ದಿದ್ದರೆ ಸೂಪರ್ ಬೌಲ್, ಅಂದರೆ ವರ್ಷದ ಫೈನಲ್ ಪಂದ್ಯ, ಎನ್ನುವಲ್ಲಿ ಸೋತು ಬಂದಿತ್ತು. ಹಾಗಾಗಿ ತಂಡದ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಎಸೆದ ಚೆಂಡನ್ನು ಹಿಡಿಯಲು ಒಬ್ಬ ಒಳ್ಳೆಯ ರಿಸೀವರ್ ಬರುತ್ತಾನೆ ಅಂತ ಊರೆಲ್ಲ ಕಾಯುತ್ತಿತ್ತು. ತಂಡ ಮಾಡಿದ್ದೇ ಬೇರೆ. ತನ್ನ ಇನ್ನೊಂದು ಸರದಿಯನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು, 30ರಿಂದ 26ನೇ ಸ್ಥಾನಕ್ಕೆ ಬಂದು, ಜೋರ್ಡನ್ ಲವ್ ಎಂಬ ಹುಡುಗನನ್ನು ಆರಿಸಿತು. ಆ ಹುಡುಗನೂ ಕ್ವಾರ್ಟರ್‌ಬ್ಯಾಕ್, ಅಂದರೆ ರಾಜರ್ಸ್ ಜಾಗಕ್ಕೇ!

ಪಕ್ಕದ ಮನೆಯ ಅಜ್ಜ ಬೆಳಿಗ್ಗೆ ಬೇಲಿಯ ಆಚೆ ನಿಂತು ಕೇಳಿದ್ದು ಒಂದೇ ಮಾತು. "ಈಗಲೇ ಯಾಕೆ?"

ಇವತ್ತು ನಾನು ಮಾತಾಡಬೇಕು ಅಂದುಕೊಂಡಿದ್ದು ಆ ಪ್ರಶ್ನೆಯ ಬಗ್ಗೆಯೇ. ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಕೇಳುಗರಿಗೆ ಈ ಆಟ ಸ್ವಲ್ಪ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ತಂಡ ಚೆಂಡು ಹಿಡಿದು ಮುಂದೆ ಹೋಗುವಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ, ಎರಡು ಮೂರು ಸೆಕೆಂಡಿನಲ್ಲಿ ಅವರೇ ತೀರ್ಮಾನ ಮಾಡಬೇಕು, ಅದೂ ನೂರಿಪ್ಪತ್ತು ಕೆಜಿಯ ಆಳುಗಳು ಮೈಮೇಲೆ ಬೀಳಲು ಓಡಿ ಬರುತ್ತಿರುವಾಗ. ಇಂಥ ಒಬ್ಬರು ಸಿಕ್ಕರೆ ತಂಡ ಹದಿನೈದು ವರ್ಷ ನೆಮ್ಮದಿಯಾಗಿರುತ್ತದೆ. ಸಿಗದಿದ್ದರೆ ಉಳಿದವರು ಎಷ್ಟು ಚೆನ್ನಾಗಿ ಆಡಿದರೂ ಸಾಲುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಳಬರು ಚೆನ್ನಾಗಿ ಆಡುತ್ತಿರುವಾಗಲೇ ಹೊಸಬನನ್ನು ತರಬೇಕು. ಅವರಿಗೆ 34, 35 ವರ್ಷ ಆಗುವಾಗಲೇ ಹುಡುಕಾಟ ಶುರುವಾಗಿರಬೇಕು. ಕೈ ಸೋತ ಮೇಲೆ ಹುಡುಕಲು ಹೊರಟರೆ ತಡವಾಯಿತು ಅಂತಲೇ ಲೆಕ್ಕ.

ಯಾಕೆ ಅಂದರೆ, ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಮನೆಯಲ್ಲಿ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದಷ್ಟು ದಿನ ತಂಡ ಗೆಲ್ಲುತ್ತಲೇ ಇರುತ್ತದೆ, ಗೆಲ್ಲುತ್ತಿದ್ದರೆ ಸರದಿ ಹಿಂದೆಯೇ ಇರುತ್ತದೆ, ಒಳ್ಳೆಯ ಹುಡುಗರೆಲ್ಲ ಅಷ್ಟರಲ್ಲಿ ಬೇರೆಯವರ ಪಾಲಾಗಿರುತ್ತಾರೆ. ಆದ್ದರಿಂದ ಸರಿಯಾದ ಹುಡುಗ ಕೈಗೆ ಸಿಗುವಷ್ಟು ಹತ್ತಿರ ಬಂದ ವರ್ಷವೇ ಹಿಡಿಯಬೇಕು. ಅದು ಹಳಬರಿಗೆ ಅನುಕೂಲವಾದ ವರ್ಷ ಆಗಿರಬೇಕು ಅಂತೇನಿಲ್ಲ.

ಇಂಡಿಯಾನಾಪೊಲಿಸ್ ಕೋಲ್ಟ್ಸ್ ಕಥೆ ನೋಡಿ. ಅದರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ 2011ರ ಸೀಸನ್ ಪೂರ್ತಿ ಆಡಲಿಲ್ಲ. ಅವರ ಜಾಗಕ್ಕೆ ತಯಾರಾದವರು ಯಾರೂ ಇರಲಿಲ್ಲ. 16 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಅಷ್ಟು ಸೋತದ್ದಕ್ಕೆ ಮೊದಲ ಸರದಿ ಸಿಕ್ಕಿತು, ಆ ವರ್ಷವೇ ಆಂಡ್ರೂ ಲಕ್ ಎಂಬ ಅಪರೂಪದ ಆಟಗಾರನೂ ಸಿಕ್ಕರು. ಆದರೆ ಏಟಿನ ಮೇಲೆ ಏಟು ತಿಂದ ಲಕ್ 2019ರ ಆಗಸ್ಟ್‌ನಲ್ಲಿ, ಇನ್ನೇನು ಸೀಸನ್ ಶುರುವಾಗಬೇಕು ಅನ್ನುವಾಗ, 29ನೇ ವಯಸ್ಸಿಗೇ ನಿವೃತ್ತರಾದರು. ಅಲ್ಲಿಂದ 2023ರವರೆಗೆ ಐದು ಸೀಸನ್, ಪ್ರತಿ ಸೀಸನ್ನಿನ ಮೊದಲ ಪಂದ್ಯಕ್ಕೂ ಬೇರೆ ಕ್ವಾರ್ಟರ್‌ಬ್ಯಾಕ್. ವಯಸ್ಸಾದ ಮೇಲೆ ಯೋಚಿಸೋಣ ಅಂತ ಕೂತವರಿಗೆ ಏಟು ವಯಸ್ಸು ಕೇಳಿ ಬರುವುದಿಲ್ಲ.

ಇನ್ನೊಂದು ಪಕ್ಷವೂ ಇದೆ, ಅದರಲ್ಲೂ ಹುರುಳಿದೆ. ಮೊದಲ ಸುತ್ತಿನ ಸರದಿ ಚಿನ್ನದಂಥದ್ದು. ಅದನ್ನು ಬೆಂಚಿನಲ್ಲಿ ಕೂರುವ ಹುಡುಗನಿಗೆ ಖರ್ಚು ಮಾಡಿದರೆ ಈಗ ಆಡುತ್ತಿರುವವರಿಗೆ ಸಹಾಯ ಸಿಗುವುದಿಲ್ಲ. ದುಡ್ಡಿನ ಲೆಕ್ಕವೂ ಇದೆ: ಹೊಸ ಹುಡುಗನ ಮೊದಲ ಕರಾರು ನಾಲ್ಕು ವರ್ಷದ್ದು, ಸಂಬಳ ಕಡಿಮೆ, ಅದರಲ್ಲಿ ಮೂರು ವರ್ಷ ಅವನು ಸುಮ್ನೆ ಕೂತರೆ ತಂಡಕ್ಕೆ ಆ ಅಗ್ಗದ ವರ್ಷಗಳು ಹೋದವು. ಪ್ಯಾಕರ್ಸ್‌ಗೆ ಆಗಿದ್ದೂ ಅದೇ. ಲವ್ ಮೂರು ವರ್ಷ ಕಾದರು. 2021ರ ಜನವರಿಯಲ್ಲಿ ಪ್ಯಾಕರ್ಸ್ ಮತ್ತೆ ಸೂಪರ್ ಬೌಲ್‌ನ ಹೊಸ್ತಿಲಲ್ಲೇ ಎಡವಿತು, ಟಾಂಪಾ ಬೇ ಎದುರು 31-26. ಅಲ್ಲಿ ಇನ್ನೊಬ್ಬ ರಿಸೀವರ್ ಇದ್ದಿದ್ದರೆ? ನನಗೂ ಹೊಟ್ಟೆ ಉರಿಯಿತು. ಅಷ್ಟೇ ಅಲ್ಲ, ಎದುರಿಗೆ ಆಡಿ ಗೆದ್ದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರಾಡಿಗೆ ಆಗ 43 ವರ್ಷ. ಅವರ ಹಿಂದಿನ ತಂಡ ನ್ಯೂ ಇಂಗ್ಲೆಂಡ್ ಅವರಿಗೆ ಉತ್ತರಾಧಿಕಾರಿ ಅಂತ 2014ರಲ್ಲೇ ಒಬ್ಬ ಹುಡುಗನನ್ನು ತಂದು, ಬ್ರಾಡಿ ಸೋಲುವ ಲಕ್ಷಣವೇ ಕಾಣದೆ 2017ರಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತ್ತು. ಕೊಟ್ಟ ಮೇಲೂ ಒಂದು ಸೂಪರ್ ಬೌಲ್ ಗೆದ್ದಿತು. ಆದರೆ ಬ್ರಾಡಿ ಬಿಟ್ಟುಹೋದ ವರ್ಷ ಅದು ಗೆದ್ದದ್ದು ಏಳು ಪಂದ್ಯ, ಸೋತದ್ದು ಒಂಬತ್ತು. ಬ್ರಾಡಿಯಂಥವರು ನೂರು ವರ್ಷಕ್ಕೊಬ್ಬರು, ಅವರನ್ನು ನೋಡಿಕೊಂಡು ಮಿಕ್ಕವರು ಲೆಕ್ಕ ಹಾಕಬಾರದು ಅಂತ ನನಗನ್ನಿಸುತ್ತದೆ.

ಗ್ರೀನ್ ಬೇಗೆ ಇದು ಹೊಸದೂ ಆಗಿರಲಿಲ್ಲ. 2005ರಲ್ಲಿ ಅಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಬ್ರೆಟ್ ಫಾರ್ವ್ ಆಡುತ್ತಿದ್ದರು, 35 ವರ್ಷ. ಆ ಡ್ರಾಫ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೊದಲನೆಯವರಾಗಿ ಆರಿಸಿದ್ದು ಅಲೆಕ್ಸ್ ಸ್ಮಿತ್‌ರನ್ನು. ಮೊದಲನೆಯವರಾಗಬಹುದಿದ್ದ ರಾಜರ್ಸ್ ಕ್ಯಾಮೆರಾಗಳ ಎದುರು ಗಂಟೆಗಟ್ಟಲೆ ಕಾದು ಕೂತು, 24ನೆಯವರಾಗಿ ಪ್ಯಾಕರ್ಸ್‌ಗೆ ಸಿಕ್ಕರು. ಮೂರು ವರ್ಷ ಬೆಂಚು. 2008ರ ಮಾರ್ಚ್‌ನಲ್ಲಿ ಫಾರ್ವ್ ಅಳುತ್ತಾ ನಿವೃತ್ತಿ ಹೇಳಿದರು, ಬೇಸಿಗೆಯಲ್ಲಿ ಮತ್ತೆ ಆಡುತ್ತೇನೆ ಅಂತ ಬಂದರು. ತಂಡ ಅವರನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳಿಸಿತು. ಅಭ್ಯಾಸ ನೋಡಲು ಬಂದ ಜನ ರಾಜರ್ಸ್‌ರನ್ನು ಕೂಗಿ ಹೀಯಾಳಿಸಿದರು. ಮೊದಲ ವರ್ಷ ಬಂದದ್ದೂ ಆರೇ ಗೆಲುವು. ಆದರೆ 2011ರ ಫೆಬ್ರವರಿಯಲ್ಲಿ ಅದೇ ರಾಜರ್ಸ್ ಪಿಟ್ಸ್‌ಬರ್ಗ್ ಮೇಲೆ 31-25ರಿಂದ ಸೂಪರ್ ಬೌಲ್ ಗೆದ್ದುಕೊಟ್ಟರು.

ಇಷ್ಟೆಲ್ಲ ಅನುಭವ ಇದ್ದ ತಂಡ 2020ರಲ್ಲಿ ಒಂದು ದೊಡ್ಡ ತಪ್ಪು ಮಾಡಿತು. ಲವ್‌ರನ್ನು ತಂದದ್ದು ತಪ್ಪಲ್ಲ. ರಾಜರ್ಸ್‌ಗೆ ಮೊದಲೇ ಕೂರಿಸಿ ಹೇಳಲಿಲ್ಲ. ಹದಿನೈದು ವರ್ಷ ದುಡಿದ ಮನುಷ್ಯ, ತಾನೇ ಒಂದು ಕಾಲದಲ್ಲಿ ಆ ಬೆಂಚಿನಲ್ಲಿ ಕೂತಿದ್ದವರು, ಸುದ್ದಿಯನ್ನು ಎಲ್ಲರ ಜೊತೆಗೇ ತಿಳಿಯಬೇಕಾಯಿತು. ಒಂದು ಫೋನ್ ಕರೆ ಸಾಕಿತ್ತು, ಅಲ್ವಾ? ಅವರು ಮುಂದಿನ ಎರಡು ಸೀಸನ್ನಿನಲ್ಲೂ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು, ಆದರೆ ಮುರಿದ ಮನಸ್ಸು ಕೂಡಲಿಲ್ಲ. 2023ರ ಏಪ್ರಿಲ್‌ನಲ್ಲಿ ಅವರೂ ಜೆಟ್ಸ್‌ಗೆ ಹೋದರು, ಮೊದಲ ಪಂದ್ಯದಲ್ಲಿ ನಾಲ್ಕನೇ ಸಲ ಚೆಂಡು ಕೈಗೆ ಬಂದಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ಆ ಸೀಸನ್ ಮುಗಿಯಿತು. ಇತ್ತ ಲವ್ ಅದೇ ವರ್ಷ ತಂಡವನ್ನು ಪ್ಲೇಆಫ್‌ಗೆ ಒಯ್ದು, ಡಲಾಸ್‌ಗೆ ಹೋಗಿ 48-32ರಿಂದ ಗೆದ್ದು ಬಂದರು. ಲವ್ ತಯಾರಿಲ್ಲದಿದ್ದರೆ ಆ ವರ್ಷ ನಮ್ಮ ಗತಿ ಏನಾಗುತ್ತಿತ್ತು ಅಂತ ಪಕ್ಕದ ಮನೆಯ ಅಜ್ಜನೂ ಆಮೇಲೆ ಒಪ್ಪಿದರು.

ಇದೇ ಕೆಲಸ ಕಾನ್ಸಾಸ್ ಸಿಟಿಯಲ್ಲಿ ಎಷ್ಟು ಹದವಾಗಿ ನಡೆಯಿತು ನೋಡಿ. 2005ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಅಲೆಕ್ಸ್ ಸ್ಮಿತ್ ಅಷ್ಟರಲ್ಲಿ ಅಲ್ಲಿ ಆಡುತ್ತಿದ್ದರು. 2017ರಲ್ಲಿ ಆ ತಂಡ 27ನೇ ಸ್ಥಾನದಿಂದ 10ಕ್ಕೆ ಬರಲು ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಕೊಟ್ಟು ಪ್ಯಾಟ್ರಿಕ್ ಮಹೋಮ್ಸ್‌ರನ್ನು ತಂದಿತು. ಸ್ಮಿತ್ ಒಮ್ಮೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಲೆಗೆ ಏಟು ಬಿದ್ದು ಹೊರಗೆ ಕೂತಾಗ ಇನ್ನೊಬ್ಬರಿಗೆ ಜಾಗ ಕಳೆದುಕೊಂಡವರು. ಕಹಿ ಇಟ್ಟುಕೊಳ್ಳಲು ಅವರಿಗೆ ಎಲ್ಲ ಕಾರಣ ಇತ್ತು. ಆದರೂ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾರದ ತಯಾರಿ ಹೇಗೆ, ಎದುರಾಳಿಯ ವಿಡಿಯೊ ನೋಡುವುದು ಹೇಗೆ ಎಲ್ಲ ತೋರಿಸಿದರು. ಮಹೋಮ್ಸ್ ಆ ಋಣವನ್ನು ಎಷ್ಟೋ ಸಲ ಬಾಯಿಬಿಟ್ಟು ಹೇಳಿದ್ದಾರೆ. ಸ್ವತಃ ಸ್ಮಿತ್ ಆ ವರ್ಷ ಆಡಿದ್ದು ತಮ್ಮ ಜೀವನದ ಅತ್ಯುತ್ತಮ ಆಟ.

2017ರ ಡಿಸೆಂಬರ್ 31, ಡೆನ್ವರ್. ಪ್ಲೇಆಫ್ ಸ್ಥಾನ ಆಗಲೇ ಖಚಿತವಾಗಿತ್ತು. ತಂಡ ಸ್ಮಿತ್‌ಗೆ ವಿಶ್ರಾಂತಿ ಕೊಟ್ಟು ಮಹೋಮ್ಸ್‌ರನ್ನು ಮೊದಲ ಸಲ ಆಡಿಸಿತು. 27-24, ಗೆಲುವು. ಸ್ಮಿತ್ ಆ ದಿನ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಒಂದು ತಿಂಗಳಲ್ಲಿ ಅವರನ್ನು ವಾಷಿಂಗ್ಟನ್ ತಂಡಕ್ಕೆ ಕೊಡುವ ಮಾತುಕತೆ ಮುಗಿದಿತ್ತು. ಮುಂದಿನ ಸೀಸನ್ನಿನಲ್ಲಿ ಮಹೋಮ್ಸ್ 50 ಟಚ್‌ಡೌನ್, ಅಂದರೆ ತಲಾ ಆರು ಅಂಕ ತರುವ ಎಸೆತ, ಎಸೆದರು.